ಕಡಲಲ್ಲಿದ್ದ ತಂದೆಯ ಫೋನಿಗೆ ಹೋದ ಒಟಿಪಿ

ಕಾಲೇಜು ಪ್ರವೇಶಕ್ಕೆ ತಂದೆಯ ಮೊಬೈಲ್ ಸಂಖ್ಯೆಯನ್ನೇ ಕೊಡಬೇಕೆಂದು ಕಡ್ಡಾಯ ಮಾಡಿದವರು, ಈ ಕರಾವಳಿಯ ತಂದೆಯಂದಿರು ಎಲ್ಲಿ ದುಡಿಯುತ್ತಾರೆಂದು ಒಮ್ಮೆಯೂ ಯೋಚಿಸಲಿಲ್ಲ. ಅದರ ಫಲವನ್ನು ಕುಂದಾಪುರದ ಪ್ರವೇಶ ಸಹಾಯ ಕೇಂದ್ರವೊಂದರಲ್ಲಿ ಸ್ವಯಂಸೇವಕಿಯಾಗಿ ಕುಳಿತಿದ್ದ ನಾನು ಕಣ್ಣಾರೆ ಕಂಡೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ವಾರವದು. ಪಕ್ಕದ ಕೋಡಿ ಎಂಬ ಊರಿನ ಮೀನು ಮಾರುವ ಮಹಿಳೆಯೊಬ್ಬರು ಮಗಳೊಡನೆ ಬಂದಿದ್ದರು. ಮಗಳಿಗೆ ನರ್ಸಿಂಗ್ ಓದುವಾಸೆ; ಕಾಲೇಜುಗಳ ಆಯ್ಕೆ ದಾಖಲಿಸಲು ಅಂದೇ ಕೊನೆಯ ದಿನ. ಅದಕ್ಕೆ ಬೇಕಾದ ಒಟಿಪಿ ಮಾತ್ರ ಆಳಸಮುದ್ರದಲ್ಲಿದ್ದ ತಂದೆಯ ಫೋನಿಗೆ ಹೋಗಿತ್ತು.

“ಹ್ವಾಯ್, ಅವ್ರ್ ಕಡ್ಲಿಗ್ ಹೋಯಿರ್. ಫೋನ್ ಸಿಕ್ಕುದಿಲ್ಲ, ಎಂತ ಮಾಡುದ್?” ಎಂದರು ತಾಯಿ.

“ಹಂಗಾರೆ ಬಂಗುಡೆ ಮೀನ್ ಹತ್ರ ಹೇಳಿ ಕಳ್ಸಿ ಅಕ್ಕಾ,” ಎಂದರು ಕೇಂದ್ರದ ಮುಖ್ಯಸ್ಥರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆಕೆ ನಗಲಿಲ್ಲ. ಸೊಂಟದಿಂದ ತನ್ನ ಫೋನ್ ತೆಗೆದು ನನ್ನ ಮುಂದಿಟ್ಟರು. “ನನ್ ಕೈಯಂಗೂ ಫೋನ್ ಇತ್ತಲ್ದಾ? ನನ್ ನಂಬರ್ ಯಾರೂ ಎಂತಕ್ಕೆ ಕೇಣ್ಲಿಲ್ಲ?”

ಸಂಖ್ಯೆ ಬದಲಿಸುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ. ಸಂಜೆ ಅವಧಿ ಮುಗಿಯಿತು. ಹುಡುಗಿಯ ಆಯ್ಕೆ ದಾಖಲಾಗಲಿಲ್ಲ.

ತಾಯಂದಿರೇ ಮನೆ ನಡೆಸುವ ಊರಿನಲ್ಲಿ ಹುಟ್ಟಿ ವಿಶ್ವವಿದ್ಯಾಲಯದವರೆಗೆ ಓದಿದ ನನಗೂ ಆ ನಿಯಮ ತಪ್ಪೆಂದು ತೋರಿರಲಿಲ್ಲ. ಆ ನಾಚಿಕೆ ಇನ್ನೂ ಇಳಿದಿಲ್ಲ. ಆ ವಿದ್ಯಾರ್ಥಿನಿಗೆ ಮತ್ತೊಂದು ಅವಕಾಶ ನೀಡಬೇಕು, ತಾಯಿಯ ಸಂಖ್ಯೆಯನ್ನೂ ಸ್ವೀಕರಿಸಬೇಕು ಮತ್ತು ಈವರೆಗೆ ಏಕೆ ಸ್ವೀಕರಿಸಲಿಲ್ಲವೆಂದು ಲಿಖಿತವಾಗಿ ಉತ್ತರಿಸಬೇಕೆಂದು ಸಂಬಂಧಿಸಿದ ಅಧಿಕಾರಿಗಳನ್ನು ಆಗ್ರಹಪೂರ್ವಕವಾಗಿ ವಿನಂತಿಸುತ್ತೇನೆ.