ಫರಸಿಗೆ ಮಸೆದ ಉಸ್ತರಾ

ನನ್ನ ಗದ್ದದ ಮೇಲಿನ ಗೀರು ಬೆಕ್ಕು ಪರಚಿದ್ದೆಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ನಿಜ ಏನೆಂದರೆ, ಐವತ್ತಮೂರನೆಯ ವಯಸ್ಸಿನಲ್ಲಿ ನಾನು ಉಸ್ತರಾ ಹಿಡಿದು, ಅಂದರೆ ಕ್ಷೌರದಂಗಡಿಯ ಆ ಮಡಚುವ ಕತ್ತಿ ಹಿಡಿದು, ನನ್ನ ಗಡ್ಡ ನಾನೇ ಹೆರೆದುಕೊಳ್ಳಲು ಕಲಿಯುತ್ತಿದ್ದೇನೆ. ಕತ್ತಿಯನ್ನು ಚರ್ಮಕ್ಕೆ ಮೂವತ್ತು ಡಿಗ್ರಿಯಲ್ಲಿ ಹಿಡಿಯಬೇಕೆಂದು ಮೊಬೈಲಿನ ಗುರುಗಳು ಹೇಳುತ್ತಾರೆ. ನಾನು ಗಣಿತದ ಮಾಸ್ತರ. ಕರಿಹಲಗೆಯ ಮೇಲೆ ಕಣ್ಣು ಮುಚ್ಚಿ ಎಳೆಯಬಲ್ಲ ಆ ಕೋನ ನನ್ನ ಗಲ್ಲದ ಮೇಲೆ ಮಾತ್ರ ಇನ್ನೂ ಸಿಕ್ಕಿಲ್ಲ.

ಇದು ಶೋಕಿಗೆ ಹತ್ತಿದ ಹುಚ್ಚಲ್ಲ. ಸೇಡಂನಲ್ಲಿ ನಮ್ಮ ಓಣಿಯ ತುದಿಗೆ ಶರಣಪ್ಪ ಕಾಕಾನ ಒಂದೇ ಕುರ್ಚಿಯ ಅಂಗಡಿಯಿತ್ತು. ನನ್ನ ಮದುವೆಯ ಮುಂಜಾನೆಯಿಂದ ನನ್ನ ಗಡ್ಡ ಅವರ ಕೈಯಲ್ಲೇ. ಹೋದ ವರ್ಷ ಆ ಕೈ ನಡುಗತೊಡಗಿತು. ಒಂದು ದಿನ ಕಿವಿಯ ಪಕ್ಕ ಸಣ್ಣ ಗಾಯವಾಯಿತು. ಅವರು ರಕ್ತ ನಿಲ್ಲಲು ಪಟಿಕದ ಹರಳು ಒತ್ತಿದರು. ನಾನು ಅರ್ಧ ಗಡ್ಡಕ್ಕೇ, “ಸಾಲಿಗಿ ಹೊತ್ತಾತು ಕಾಕಾ” ಎಂದು ಎದ್ದುಬಿಟ್ಟೆ. ಅಂದು ಭಾನುವಾರ.

ಮರುವಾರದಿಂದ ಬಸ್ ನಿಲ್ದಾಣದ ಹತ್ತಿರದ ತಿರುಗುವ ಕುರ್ಚಿಯ ಅಂಗಡಿಗೆ ಹೋಗತೊಡಗಿದೆ, ಅದೂ ಕಾಕಾನ ಕಣ್ಣಿಗೆ ಬೀಳದಂತೆ ಓಣಿ ಸುತ್ತಿಕೊಂಡು. ಒಮ್ಮೆ ಸಂತೆಯಲ್ಲಿ ಎದುರಾದರು. ನನ್ನ ಕಿವಿಯ ಮುಂದಿನ ಕೂದಲು ನೋಡಿ, “ಬಲಗಡಿ ಕಲ್ಲಿ ಒಂದು ನೂಲು ಉದ್ದ ಬಿಟ್ಟಾರ್ರಿ ಮಾಸ್ತರ್ರ” ಎಂದರು, ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಕೆಲವು ತಿಂಗಳಿಗೆ ಅವರು ಅಂಗಡಿ ಮುಚ್ಚಿ ಸುಲೇಪೇಟದ ಮಗಳ ಮನೆಗೆ ಹೋದರು. ಹೋಗುವ ಮುಂಚೆ ನನ್ನ ಹೆಂಡತಿಯ ಕೈಗೆ ತಮ್ಮ ಉಸ್ತರಾ ಕೊಟ್ಟು, “ಮಾಸ್ತರ್ರಿಗಿ ಕೊಡ್ರಿ ತಾಯಿ. ತಮ್ಮ ಕೈಲಿ ತಾವೇ ಮಾಡ್ಕೊಂಡ್ರ ಅಂಜಿಕಿ ಇರಂಗಿಲ್ಲ” ಎಂದರಂತೆ. ಅದು ಪ್ರೀತಿಯೋ ಚುಚ್ಚುಮಾತೋ ಇವತ್ತಿಗೂ ಗೊತ್ತಿಲ್ಲ. ಆ ಉಸ್ತರಾದಿಂದಲೇ ಗಡ್ಡ ಮಾಡಿಕೊಂಡು ಹೋಗಿ ಅವರ ಕ್ಷಮೆ ಕೇಳಬೇಕೆಂದು ನಿಶ್ಚಯಿಸಿದೆ.

ಆದರೆ ಮೊದಲ ದಿನವೇ ಎಡವಟ್ಟು ಮಾಡಿದೆ. ನಮ್ಮ ಕಡೆ ಶಹಾಬಾದಿ ಫರಸಿಕಲ್ಲಿಲ್ಲದೆ ಏನೂ ನಡೆಯುವುದಿಲ್ಲ. ನೆಲಕ್ಕೆ ಅದೇ, ಅಡಿಗೆಕಟ್ಟೆಗೆ ಅದೇ, ಕುಡುಗೋಲು ಮಸೆಯಲೂ ಅದೇ. ಬಚ್ಚಲಿನ ಫರಸಿಗೆ ನೀರು ಸುರಿದು ಉಸ್ತರಾವನ್ನೂ ಹತ್ತು ನಿಮಿಷ ಗಸಗಸ ಮಸೆದೆ. ಕಾಕಾ ಬರೀ ಚರ್ಮದ ಪಟ್ಟಿಗೆ ಸವರಿ ಸವರಿ ಇಷ್ಟು ವರ್ಷ ಕಾಪಾಡಿದ್ದ ಅಲಗು ಅಷ್ಟರಲ್ಲೇ ಹೋಯಿತು. ವಾಡಿಯಲ್ಲಿ ಸಾಣೆ ಹಿಡಿಯುವವರೊಬ್ಬರು ನನ್ನನ್ನು ಮನಸಾರೆ ಬೈದು ಕತ್ತಿಯನ್ನು ಉಳಿಸಿಕೊಟ್ಟರು. ಆದರೆ ಅದರ ಅಗಲ ಕಡಿಮೆಯಾಗಿತ್ತು.

ಕಳೆದ ಭಾನುವಾರ ಸುಲೇಪೇಟಕ್ಕೆ ಹೋದೆ. ಕಾಕಾ ಅಂಗಳದಲ್ಲಿ ಕುಳಿತಿದ್ದರು. ಊರೆಲ್ಲರ ಗಡ್ಡ ಮಾಡಿದವರ ಮುಖದ ತುಂಬ ಬಿಳಿ ಗಡ್ಡ ಬೆಳೆದಿತ್ತು. ನನಗೆ ಬಹಳ ಕೆಟ್ಟದೆನಿಸಿತು. ನಾನು ಕೊಟ್ಟ ಉಸ್ತರಾ ತೆಗೆದುಕೊಂಡು ಹೆಬ್ಬೆರಳು ಆಡಿಸಿದವರೇ, “ಫರಸಿ ಮ್ಯಾಲ ಮಸ್ದೀರೇನ್ರಿ?” ಎಂದರು.

ಹೌದೆಂದೆ. ಫರಸಿಯದನ್ನು ಒಪ್ಪಿಕೊಂಡ ಬಾಯಿಗೆ ಆ ಭಾನುವಾರದ ಸುಳ್ಳನ್ನೂ ಒಪ್ಪಿಕೊಳ್ಳುವುದು ಸುಲಭವಾಯಿತು. “ಅವತ್ತು ಸಾಲಿ ಇರಲಿಲ್ಲ ಕಾಕಾ. ನಾ ಅಂಜಿ ಎದ್ದೆ. ತಪ್ಪಾತು.”

“ನನಗ ವಾರ ಗೊತ್ತಿರ್ಲಿಲ್ಲೇನ್ರಿ?” ಎಂದು ನಕ್ಕರು. ಆಮೇಲೆ ಗಡ್ಡ ಸವರಿಕೊಂಡು, “ಮಂದಿ ಅಂಗಡಿ ಕುರ್ಚಿ ಮ್ಯಾಲ ಕುಂದ್ರಲಿಕ್ಕ ನನಗ ಮನಸ್ಸು ಬರಂಗಿಲ್ಲ. ಕಲ್ತೀರಲ್ಲ, ಮಾಡ್ರಿ” ಎಂದರು.

“ನನ್ನ ಕೈ ಭಾಳ ನಡಗತದ ಕಾಕಾ.”

“ನಡಗಲಿ ಬಿಡ್ರಿ. ನಾ ಕುಂದರ್ತೀನಿ.”

ಕುಳಿತರು. ಕಿವಿಯ ಪಕ್ಕ ಸಣ್ಣ ಗಾಯವಾಯಿತು. ನಾನು ಪಟಿಕ ಹುಡುಕುತ್ತ ತಡಬಡಿಸುತ್ತಿದ್ದರೆ, ಅವರು ಕಣ್ಣು ಮುಚ್ಚಿಕೊಂಡೇ ಇನ್ನೊಂದು ಗಲ್ಲ ತಿರುಗಿಸಿಕೊಟ್ಟು, “ಮಗಳು ಕೇಳಿದ್ರ ಬೆಕ್ಕು ಪರಚ್ತು ಅನ್ನೋಣು” ಎಂದರು. ಅವರ ಮನೆಯಲ್ಲೂ ಬೆಕ್ಕಿರಲಿಲ್ಲ.