ಒಂದು ಗಂಟೆಯ ಅಂಟು

ನಮ್ಮ ಪ್ರಯೋಗಾಲಯದ ಗಡಿಯಾರದಮ್ಮನನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬಾಟಲಿ ತೊಳೆಯಲು ಸೇರಿದವಳು, ಇಪ್ಪತ್ತೆರಡು ವರ್ಷದಲ್ಲಿ ಎಲ್ಲರ ಪ್ರಯೋಗಕ್ಕೂ ಮೂಗು ತೂರಿಸುವಷ್ಟು ಕಲಿತಳು. ಕೊರಳಲ್ಲಿ ಸದಾ ಒಂದು ಟೈಮರ್. ಮನೆಯಲ್ಲಿ ಗಂಡ ಆಕಳಿಸುವುದಕ್ಕೂ ಅದು ಕೂಗಬೇಕೇನೋ ಎಂದು ನಾವು ನಗುತ್ತಿದ್ದೆವು. ಊಟಕ್ಕೆ ಕೂತರೆ ಗೋಡೆ ಕಡೆ ಮುಖ. ಮಾತಾಡಿಸಿದರೆ ಒಂದು ‘ಹೂಂ’, ಅಷ್ಟೇ.

ನನ್ನ ಪಿಎಚ್‌ಡಿ ನಿಂತಿದ್ದದ್ದು ಒಂದು ಕಪ್ಪು ಗೆರೆಯ ಮೇಲೆ. ಜೀವಕೋಶದೊಳಗೆ ಎರಡು ಪ್ರೋಟೀನುಗಳು ಕೈ ಹಿಡಿಯುತ್ತವೆಯೇ ಎಂದು ತಿಳಿಯಲು ಅವುಗಳಿಗೆ ಒಂದು ರಾಸಾಯನಿಕ ಬೆರೆಸುತ್ತೇವೆ. ಅಂಟಿನ ಹಾಗೆ ಅದು ಹತ್ತಿರವಿದ್ದವನ್ನು ಬೆಸೆಯುತ್ತದೆ. ಬೆಸೆದ ಜೋಡಿ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಎಂಬ ಲೋಳೆಹಾಳೆಯಲ್ಲಿ, ಮೇಲುಗಡೆ ಗೆರೆಯಾಗಿ ನಿಲ್ಲುತ್ತದೆ. ನನ್ನ ಗೆರೆ ಬಂದಿತ್ತು, ಗೈಡ್ ಬೆನ್ನು ತಟ್ಟಿದ್ದರು. ನೋಟ್‌ಬುಕ್ಕಿನ ಆ ಪುಟಕ್ಕೆ ಪ್ರಯೋಗ ಕಂಡವರ ಸಹಿ ಬೇಕಿತ್ತು, ಕಂಡವಳು ಅವಳೊಬ್ಬಳೇ.

ಅವಳು ಸಹಿ ಹಾಕಲಿಲ್ಲ. ಐದು ನಿಮಿಷಕ್ಕೆ ನಿಲ್ಲಿಸಬೇಕಾದ ಅಂಟನ್ನು ನಾನು ಒಂದು ಗಂಟೆ ಬಿಟ್ಟಿದ್ದೆನಂತೆ.

“ಅಷ್ಟೊತ್ತು ಬಿಟ್ರೆ, ಬಸ್ಸಲ್ಲಿ ಪಕ್ಕ ಕೂತೋರನ್ನೆಲ್ಲ ಗಂಡ ಹೆಂಡ್ತಿ ಅಂದಂಗಾಗುತ್ತೆ. ಸಂಬಂಧನೇ ಇಲ್ಲದ ಪ್ರೋಟೀನ್ ಹಾಕಿ ನೋಡು, ಆಮೇಲೆ ಸಹಿ.”

ನಾನು ಬಾಯಿಗೆ ಬಂದಂತೆ ಅಂದೆ. ಅಕ್ಕಾ, ನೀವು ಬಾಟಲಿ ತೊಳೆಯೋದು ನೋಡ್ಕೊಳ್ಳಿ ಅಂತಲೂ ಅಂದೆ. ಗೈಡ್‌ಗೆ ದೂರು ಕೊಟ್ಟೆ. ಅವರು ಅವಳನ್ನು ಎಲ್ಲರೆದುರು ಗದರಿಸಿದರು, ಕೆಲಸ ಹೋದೀತು ಎಂದು ಹೆದರಿಸಿದರು. ಹಠಮಾರಿ ಹೆಂಗಸು, ಜಪ್ಪಯ್ಯ ಅನ್ನಲಿಲ್ಲ.

ಮಾರನೆಯ ವಾರ ತಾನೇ ಆ ಪರೀಕ್ಷೆ ಮಾಡಿ ಜೆಲ್ ತಂದು ನಮ್ಮಿಬ್ಬರ ಮುಂದಿಟ್ಟಳು. ಒಂದು ಪ್ರೋಟೀನು ನನ್ನದು, ಇನ್ನೊಂದು ಕೋಳಿಮೊಟ್ಟೆಯ ಬಿಳಿಯಿಂದ ತೆಗೆದದ್ದು. ಒಂದು ಗಂಟೆಗೆ ಅಲ್ಲೂ ಕಪ್ಪು ಗೆರೆ. ಐದು ನಿಮಿಷಕ್ಕೆ, ನನ್ನ ಜೋಡಿಯಲ್ಲೂ ಏನೂ ಇಲ್ಲ. ನಾಲ್ಕು ವರ್ಷ ಮಣ್ಣುಪಾಲು. ಗೈಡ್ ಎದ್ದು ಹೋದರು.

ಅವಳು ಹಂಗಿಸುತ್ತಾಳೆ ಎಂದುಕೊಂಡೆ. ಅಷ್ಟಾದರೂ ಮಾಡಿದ್ದರೆ ನಾನೂ ತಿರುಗಿಸಿ ಬೈಯಬಹುದಿತ್ತು. ಈ ಪರೀಕ್ಷೆ ನನಗೆ ಹೊಳೆದೇ ಇರಲಿಲ್ಲವೇ ಎಂದಷ್ಟೇ ಕೇಳಿದಳು. ಇಲ್ಲ ಎಂದೆ.

“ನಿಂಗೆ ಹೊಳೆದಿತ್ತು. ಹೋದ ತಿಂಗಳು ರಜದ ದಿನ ಬಂದು ನೀನೇ ಮಾಡಿದ್ದೆ. ಅದರ ಫೋಟೋ ಹರಿದು ಹಾಕಿದ್ದೆಯಲ್ಲ, ಆ ಕಸದ ಬುಟ್ಟಿ ಖಾಲಿ ಮಾಡಿದ್ದು ನಾನೇ. ನೀನಾಗೇ ಹೇಳ್ತೀಯ ಅಂತ ಕಾದೆ.”

ಗೈಡ್‌ಗೆ ಅವಳು ಇದನ್ನು ಇನ್ನೂ ಹೇಳಿಲ್ಲ. ನಾನೂ ಹೇಳಿಲ್ಲ.