ಬಾಗಿಲ ಬಳಿಯ ಕಾಗದದ ಲೋಟಗಳು

ನಮ್ಮ ಕಣ್ಣಾಸ್ಪತ್ರೆಗೆ ಹೆಸರು ತಂದ ವೈದ್ಯರು ಹಲವರು. ಆದರೆ ಪೆಟ್ಟಾದ ಕಣ್ಣನ್ನು ಇನ್ನಷ್ಟು ಕೆಡದಂತೆ ಆ ವೈದ್ಯರ ಕೈಗೆ ತಲುಪಿಸುವ ವಿದ್ಯೆಯಲ್ಲಿ ಮೂವತ್ತಾರು ವರ್ಷ ನಮ್ಮೆಲ್ಲರ ಗುರುವಾಗಿದ್ದವರು, ಈ ತಿಂಗಳು ನಿವೃತ್ತರಾಗುತ್ತಿರುವ ಮುಖ್ಯ ದಾದಿಯವರು. ನಮಗೆ ಅವರು ದೊಡ್ಡ ಸಿಸ್ಟರ್.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಬಸುರಿಯಾಗಿದ್ದೆ. ಕೇಳುವ ಮೊದಲೇ ಔಷಧಿ ಮೇಜಿನ ಕೆಳಗೆ ಕಾಲಿಡಲು ಒಂದು ಮಣೆ ಬಂದಿತ್ತು. ಅದನ್ನು ತಾವೇ ಇಟ್ಟದ್ದೆಂದು ದೊಡ್ಡ ಸಿಸ್ಟರ್ ಕೊನೆಗೂ ಒಪ್ಪಿಕೊಳ್ಳಲಿಲ್ಲ.

ಪಟಾಕಿಯ ಹಬ್ಬ ಹತ್ತಿರವಾದಾಗ ಅವರದೊಂದು ಪದ್ಧತಿಯಿತ್ತು. ನಮ್ಮನ್ನೆಲ್ಲ ಕೂರಿಸಿ ಕಾಗದದ ಲೋಟಗಳ ತಳ ಕತ್ತರಿಸಲು ಹಚ್ಚುತ್ತಿದ್ದರು. ಗಾಯವಾದ ಕಣ್ಣನ್ನು ಉಜ್ಜಬಾರದು, ತೊಳೆಯಬಾರದು, ಒತ್ತಬಾರದು. ಆ ತಳವನ್ನು ಕಣ್ಣಿಗೆ ತಾಗದಂತೆ ಮುಚ್ಚಿ, ಅಂಚಿಗೆ ಟೇಪು ಹಚ್ಚಿ, ತಕ್ಷಣ ಆಸ್ಪತ್ರೆಗೆ ಬರಬೇಕು. ಬಂದವರಿಗೆಲ್ಲ ಹಂಚಲು ಬಾಗಿಲ ಬಳಿ ಡಬ್ಬವೊಂದು ತುಂಬಿರುತ್ತಿತ್ತು. "ಕಾಫಿ ಇಲ್ದೆ ಬರೀ ಲೋಟ ಕೊಡ್ತೀರಲ್ಲ ಸಿಸ್ಟರ್?" ಎಂದು ಅಜ್ಜನೊಬ್ಬರು ಛೇಡಿಸಿದರೆ, "ಕಣ್ಣು ಉಳಿಸ್ಕೊಂಡು ಬನ್ನಿ, ಕಾಫಿ ನಾನೇ ಕುಡಿಸ್ತೀನಿ" ಎನ್ನುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ, ಅಂಥ ನಲವತ್ತು ಲೋಟ ಕತ್ತರಿಸಿದ ನಾನು ಮನೆಗೊಂದನ್ನೂ ಒಯ್ಯಲಿಲ್ಲ. ಹಬ್ಬದ ಸಂಜೆ ಆರು ವರ್ಷದ ಮಗಳು ನನ್ನ ಪಕ್ಕ ನಿಂತು ಸುಮ್ಮನೆ ನೋಡುತ್ತಿದ್ದಳು. ಆರಿತೆಂದುಕೊಂಡ ಪಟಾಕಿಯೊಂದನ್ನು ಪಕ್ಕದ ಮನೆಯವರು ಕಾಲಿನಿಂದ ತಳ್ಳಿದರು, ಅದು ಸಿಡಿಯಿತು. ಮಗಳು ಬಲಗಣ್ಣು ಹಿಡಿದು ಚೀರಿದಾಗ ನನ್ನೊಳಗಿನ ದಾದಿ ಎಲ್ಲಿ ಹೋದಳೋ! ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಒದ್ದೆ ಬಟ್ಟೆ ಒತ್ತಿಕೊಂಡೇ ಆಸ್ಪತ್ರೆಗೆ ಓಡಿದೆ.

ದೊಡ್ಡ ಸಿಸ್ಟರ್ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ಮೊದಲು ಏನ್ ಮಾಡಿದ್ರಿ?" ಎಂದು ವೈದ್ಯರು ಕೇಳಿದರು. "ಏನೂ ಇಲ್ಲ ಸರ್" ಎಂದೆ. ಮಗುವಿನ ಕಣ್ಣಿಗಿಂತ ನನ್ನ ಹೆಸರೇ ದೊಡ್ಡದಾದ ಆ ಗಳಿಗೆಯನ್ನು ನಾನಿನ್ನೂ ಕ್ಷಮಿಸಿಕೊಂಡಿಲ್ಲ.

ದೊಡ್ಡ ಸಿಸ್ಟರ್ ನನ್ನನ್ನು ಬಾಗಿಲಾಚೆ ಕರೆದೊಯ್ದರು. "ಬಟ್ಟೆ ಒದ್ದೆ ಇದೆ ಕಣೇ. ನಿನ್ನ ಮಾನ ಆಮೇಲೆ ನೋಡ್ಕೊಳ್ಳೋಣ. ಹೋಗಿ ನೀನೇ ಹೇಳು."

ಹೇಳಿದೆ. ವೈದ್ಯರು ದೀಪ ಹತ್ತಿರ ತಂದು ಮತ್ತೆ ನೋಡಿದರು. ರೆಪ್ಪೆಯ ಮರೆಯಲ್ಲಿ, ಬಿಳಿಗುಡ್ಡೆಯ ಮೇಲೆ ಕೂದಲೆಳೆಯಷ್ಟು ಸೀಳು ಸಿಕ್ಕಿತು. ಹೊಲಿಗೆ ಹಾಕಿದರು. ದೃಷ್ಟಿ ಉಳಿಯುವುದೋ ಇಲ್ಲವೋ ಎಂದು ಆರು ವಾರ ಕಾದೆವು. ಅಷ್ಟು ದಿನವೂ ಪಾಳಿ ಮುಗಿಸಿದ ದೊಡ್ಡ ಸಿಸ್ಟರ್ ಮಗಳ ಮಂಚದ ಬಳಿ ಬಂದು, ಅವಳ ಎಡಗಣ್ಣು ಮುಚ್ಚಿಸಿ, ಅಕ್ಷರದ ಹಲಗೆ ಹಿಡಿದು, "ಇದ್ಯಾವುದು ಪುಟ್ಟಿ?" ಎಂದು ಕೇಳುತ್ತಿದ್ದರು. ಒಂದು ದಿನ ಪುಟ್ಟಿ, "ಅದನ್ನ ನೀವು ತಲೆಕೆಳಗೆ ಹಿಡಿದಿದೀರಿ" ಎಂದಳು. ಅವರು ಹಲಗೆ ಕೆಳಗಿಟ್ಟು ಮುಖ ತಿರುಗಿಸಿಕೊಂಡರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುವರ್ಷ ತಾಯಂದಿರಿಗೆ ತಿಳಿಹೇಳುವ ಕೆಲಸವನ್ನು ನನಗೆ ಒಪ್ಪಿಸಿದರು. "ನಿನಗೆ ಮನಸ್ಸಿದ್ರೆ ಮಾತ್ರ. ಎಡವಿದವಳು ಹೇಳಿದ್ರೆ ಜನ ಕೇಳ್ತಾರೆ." ಅಂದಿನಿಂದ ನನ್ನ ತಪ್ಪಿನಿಂದಲೇ ಮಾತು ಶುರು ಮಾಡುತ್ತೇನೆ: ನೋಡುವವರಿಗೂ ರಕ್ಷಣೆಯ ಕನ್ನಡಕ ಬೇಕು, ಆರಿದ ಪಟಾಕಿಯ ಹತ್ತಿರ ಸುಳಿಯದೆ ದೂರದಿಂದಲೇ ನೀರು ಸುರಿಯಬೇಕು, ನಡೆದದ್ದನ್ನು ವೈದ್ಯರಿಂದ ಮುಚ್ಚಿಡಬಾರದು.

ದೊಡ್ಡ ಸಿಸ್ಟರ್ ಮನೆಯಲ್ಲಿ ಸುಮ್ಮನೆ ಕೂರುವವರಲ್ಲ. ಅವರ ಬೀದಿಯ ಕಾಗದದ ಲೋಟಗಳಿಗೆ ಇನ್ನು ಉಳಿಗಾಲವಿಲ್ಲ. ಕತ್ತರಿ ಹಿಡಿದ ಆ ಕೈಗೆ ನೂರು ವರ್ಷದ ಬಲವಿರಲಿ.

ಈ ಬರಹದ ಕಾಗುಣಿತ ತಿದ್ದಿಕೊಟ್ಟವಳು ಮಗಳು. ನನ್ನನ್ನು ರೇಗಿಸಲೆಂದೇ ಎಡಗಣ್ಣು ಮುಚ್ಚಿಕೊಂಡು ತಿದ್ದಿದಳು. ಹದಿನಾಲ್ಕು ತಪ್ಪು ಸಿಕ್ಕವು.